ನಿಮಗಿದು ಗೊತ್ತೇ? – ಕುಂಡದಲ್ಲಿ ಕೂತ ಕಳ್ಳಿ!

ನಿಮ್ಮ ಮನೆಯ ಬ್ರಹ್ಮಕಮಲ ಕಮಲವೇ ಅಲ್ಲ. ಅದೊಂದು ಕಳ್ಳಿ! ಪಾಪಾಸುಕಳ್ಳಿಯ ಖಾಸಾ ನೆಂಟ. ಹಾಗಾದರೆ ಮುಳ್ಳೆಲ್ಲಿ ಅಂತೀರಾ? ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡು. ಅಲ್ಲಿ ಮರದ ಕೊಂಬೆಯ ಮೇಲೆ ಕೂತು ಬೆಳೆಯುತ್ತದೆ. ಅಷ್ಟು ಎತ್ತರದಲ್ಲಿ ಮೇಯಲು ಬರುವವರು ಯಾರು? ಮುಳ್ಳಿನ ಹಂಗೇ ಇಲ್ಲ!

ಇನ್ನೊಂದು ತಮಾಷೆ ಕೇಳಿ. ಅದರ ‘ಎಲೆ’ಯ ಅಂಚಿನಲ್ಲಿ ಮೊಗ್ಗು ಬರುತ್ತದಲ್ಲ, ಎಲೆಯಲ್ಲಿ ಹೂ ಬಿಡುವ ಗಿಡ ಅಂತ ಮಕ್ಕಳಿಗೆ ತೋರಿಸುತ್ತೇವಲ್ಲ, ಅದು ಎಲೆಯೇ ಅಲ್ಲ. ಚಪ್ಪಟೆಯಾದ ಕಾಂಡ! ಅದಕ್ಕೇ ಒಂದು ತುಂಡು ಮುರಿದು ನೆಟ್ಟರೂ ಗಿಡವಾಗಿಬಿಡುತ್ತದೆ.

ಹಾಗಾದರೆ ನಿಜವಾದ ಬ್ರಹ್ಮಕಮಲ ಎಲ್ಲಿದೆ? ಹಿಮಾಲಯದ ಎತ್ತರದಲ್ಲಿ. ಉತ್ತರಾಖಂಡದ ರಾಜ್ಯಪುಷ್ಪ ಅದು. ಅದೂ ಕಮಲವಲ್ಲ, ಸೂರ್ಯಕಾಂತಿಯ ಕುಟುಂಬದ್ದು! ಕಮಲ ಯಾರ ಮನೆಯಲ್ಲೂ ಇಲ್ಲ, ಹೆಸರು ಮಾತ್ರ ಎಲ್ಲರ ಮನೆಯಲ್ಲಿ.

ಕಮಲ ಅನ್ನಿಸಿಕೊಂಡ ಕಳ್ಳಿ ಇನ್ನೂ ಒಂದಿದೆ. ಡ್ರ್ಯಾಗನ್ ಫ್ರೂಟ್! ಅದೂ ಅಪ್ಪಟ ಕಳ್ಳಿಯ ಹಣ್ಣೇ. 2021ರಲ್ಲಿ ಗುಜರಾತ್ ಸರ್ಕಾರ ಅದನ್ನು ‘ಕಮಲಂ’ ಎಂದು ಕರೆಯಿತು. ಯಾಕೋ ನಮ್ಮವರಿಗೆ ಕಳ್ಳಿ ಕಂಡರೆ ಕಮಲ ನೆನಪಾಗುತ್ತದೆ!

ಬ್ರಹ್ಮಕಮಲ ಅರಳುವುದು ರಾತ್ರಿ. ಬೆಳಗಾಗುವಷ್ಟರಲ್ಲಿ ಸೊರಗಿ ಜೋತುಬೀಳುತ್ತದೆ. ಮಳೆಗಾಲದ ಒಂದು ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯವರು ‘ಹೂ ಬಿಡ್ತಾ ಇದೆ, ಬನ್ನಿ’ ಎಂದು ಕರೆಯುತ್ತಾರೆ. ಬೀದಿಯವರೆಲ್ಲ ಆಕಳಿಸುತ್ತಾ ಹೋಗುತ್ತಾರೆ. ಆರತಿ, ಫೋಟೋ, ಕಾಫಿ ಎಲ್ಲ ಆಗುತ್ತದೆ. ಹೊರಡುವಾಗ ಎಲ್ಲರ ಕೈಯಲ್ಲೂ ಒಂದೊಂದು ‘ಎಲೆ’. ಹೀಗೆ ಕೈಯಿಂದ ಕೈಗೇ ಊರು ತುಂಬಿದ ಗಿಡ ಇದು!

ಈಗ ಒಂದು ಆಘಾತ. ನಮ್ಮ ಹೊಲದ ಬೇಲಿಯ ಚದುರಗಳ್ಳಿ, ಬೊಂತೆಗಳ್ಳಿ, ಎಲೆಗಳ್ಳಿ ಇವೆಯಲ್ಲ, ಅವು ಯಾವುವೂ ಕ್ಯಾಕ್ಟಸ್ ಅಲ್ಲ! ಅವು ಯೂಫೋರ್ಬಿಯಾ ಗುಂಪಿನವು. ಹರಳು ಗಿಡದ ನೆಂಟರು. ಕ್ಯಾಕ್ಟಸ್ ಕುಟುಂಬ ಅಮೆರಿಕ ಖಂಡಗಳದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ನೋಡಲು ಅವಳಿಜವಳಿ!

ಬೇರೆ ಮಾಡುವುದು ಹೇಗೆ? ಸುಲಭ. ಮುಳ್ಳಿನ ಬುಡ ನೋಡಿ. ಹತ್ತಿಯ ಚುಕ್ಕೆಯಂಥ ಪುಟ್ಟ ಮೆತ್ತೆ ಇದ್ದರೆ ಕ್ಯಾಕ್ಟಸ್. ಗೀರಿದರೆ ಬಿಳಿ ಹಾಲು ಸುರಿದರೆ ಯೂಫೋರ್ಬಿಯಾ ಇರಬಹುದು. ಹಾಲು ಕಣ್ಣಿಗೆ ಮಾತ್ರ ತಾಗಿಸಬೇಡಿ. ಕಣ್ಣೇ ಕೆಡುವಷ್ಟು ಉರಿ!

ಕ್ಯಾಕ್ಟಸ್‌ಗಳಲ್ಲಿ ಒಂದೇ ಒಂದು ಜಾತಿ ಅಮೆರಿಕದ ಆಚೆಗೂ ಸ್ಥಳೀಯ ಕಾಡುಗಿಡ ಎನಿಸಿದೆ. ಹೆಸರು ರಿಪ್ಸಾಲಿಸ್. ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾದಲ್ಲಿ ಮರಗಳಿಂದ ಜೋತಾಡುತ್ತದೆ. ಹಕ್ಕಿ ಹೊತ್ತು ತಂದಿತೋ, ಹಡಗು ತಂದಿತೋ? ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ‘ಕಳ್ಳಿ’ ಎಂಬ ಮಾತು ಲ್ಯಾಟಿನ್ ಹೆಸರಿನೊಳಗೂ ನುಸುಳಿದೆ, ಗೊತ್ತೇ? ಬೊಂತೆಗಳ್ಳಿಯ ಶಾಸ್ತ್ರೀಯ ಹೆಸರು ಯೂಫೋರ್ಬಿಯಾ ತಿರುಕಳ್ಳಿ! ಮಲಯಾಳದ ಜನ ಹೇಳುತ್ತಿದ್ದ ಹೆಸರನ್ನು ಸಸ್ಯಶಾಸ್ತ್ರಿ ಲಿನೇಯಸ್ 1753ರಲ್ಲಿ ಹಾಗೇ ಎತ್ತಿಕೊಂಡ.

ಇನ್ನು ಯೂಫೋರ್ಬಿಯಾ? ಅದೊಬ್ಬ ವೈದ್ಯನ ಹೆಸರು! ಉತ್ತರ ಆಫ್ರಿಕಾದ ಎರಡನೇ ಜೂಬಾ ಎಂಬ ರಾಜ ತನ್ನ ಆಸ್ಥಾನ ವೈದ್ಯ ಯೂಫೋರ್ಬಸ್‌ನ ಹೆಸರನ್ನು ಗಿಡಕ್ಕಿಟ್ಟ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಆ ರಾಜನ ಹೆಂಡತಿ ಯಾರು ಗೊತ್ತೇ? ಈಜಿಪ್ಟಿನ ಕ್ಲಿಯೋಪಾತ್ರಳ ಮಗಳು! ಬೇಲಿಯ ಕಳ್ಳಿಗೆ ಎಂಥ ರಾಜವಂಶದ ನಂಟು ನೋಡಿ.

ಕ್ಯಾಕ್ಟಸ್ ಎಂಬ ಮಾತು ಗ್ರೀಕರದು. ಆದರೆ ಗ್ರೀಕರು ಕ್ಯಾಕ್ಟಸ್ ಕಂಡವರೇ ಅಲ್ಲ! ಅವರು ಆ ಹೆಸರಿನಿಂದ ಕರೆದದ್ದು ಬೇರೆ ಯಾವುದೋ ಮುಳ್ಳುಗಿಡವನ್ನು.

ಪಾಪಾಸುಕಳ್ಳಿಗೆ ಆ ಹೆಸರು ಯಾಕೆ? ಪಾಪಕ್ಕೂ ಅದಕ್ಕೂ ಸಂಬಂಧವಿಲ್ಲ. ಪಾಪಾಸು ಎಂದರೆ ಹಿಂದಿನವರ ಮಾತಿನಲ್ಲಿ ಚಪ್ಪಲಿ. ಪಾರಸಿಯಿಂದ ಬಂದ ಪದ. ಗಿಡವನ್ನೊಮ್ಮೆ ಕಣ್ಣೆದುರು ತಂದುಕೊಳ್ಳಿ. ಚಪ್ಪಲಿಯ ಮೇಲೆ ಚಪ್ಪಲಿ ಪೇರಿಸಿಟ್ಟ ಹಾಗೇ ಇದೆಯಲ್ಲ!

ಅದರ ಕೆಂಪು ಹಣ್ಣು ತಿಂದು ಬಾಯೆಲ್ಲ ರಂಗು ಮಾಡಿಕೊಂಡವರು ನಿಮ್ಮಲ್ಲಿ ಎಷ್ಟು ಜನ? ಆಮೇಲೆ ನಾಲಿಗೆಗೆ ಸುಂಕು ಚುಚ್ಚಿ ಅತ್ತವರು? ಅದರ ಸುಂಕಿಗೆ ಗಾಳದ ಹಾಗೆ ಹಿಂದೆ ಬಾಗಿದ ಕೊಕ್ಕೆಗಳಿವೆ. ಒಳಹೋಗುವುದು ಸಲೀಸು, ಹೊರಬರುವುದೇ ಕಷ್ಟ. ಬೆರಳಿಗೆ ಚುಚ್ಚಿದರೆ ಅಂಟುಪಟ್ಟಿ ಒತ್ತಿ ಸರಕ್ಕನೆ ಎಳೆಯಿರಿ, ಬರುತ್ತದೆ.

ಈ ಕಳ್ಳಿಗಳ ಮೇಲೆ ಬಿಳಿ ಹಿಟ್ಟಿನಂತೆ ಕೂರುವ ಒಂದು ಪುಟ್ಟ ಹುಳುವನ್ನು ಜಜ್ಜಿದರೆ ಕಡುಗೆಂಪು ಬಣ್ಣ! ಅದೇ ಕಾಚಿನೀಲ್. ಒಂದು ಕಾಲಕ್ಕೆ ರೇಷ್ಮೆಗೂ ಉಣ್ಣೆಗೂ ಇದರದೇ ರಂಗು. ಆ ವ್ಯಾಪಾರದ ಆಸೆಗೆ 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳು ತಂದ. ತಂದದ್ದು ತಪ್ಪು ಹುಳು! ಒಳ್ಳೆಯ ಬಣ್ಣ ಬರಲಿಲ್ಲ. ಬದಲಿಗೆ ಒಂದು ಜಾತಿಯ ಕಳ್ಳಿಯನ್ನು ಮೇಯ್ದು ಮೇಯ್ದು ನೆಲಸಮ ಮಾಡಿತು. ಕಳೆಯನ್ನು ಹುಳುವಿನಿಂದ ಕೊಲ್ಲಿಸುವ ವಿದ್ಯೆ ಜಗತ್ತಿಗೆ ಹೊಳೆದದ್ದು ಹೀಗೆ, ಒಂದು ಎಡವಟ್ಟಿನಿಂದ! 1926ರಲ್ಲಿ ಇದರದೇ ಸೋದರ ಜಾತಿಯ ಹುಳು ಶ್ರೀಲಂಕಾದಿಂದ ಬಂದು ದಕ್ಷಿಣ ಭಾರತದ ಪಾಪಾಸುಕಳ್ಳಿಯ ಪೊದೆಗಳನ್ನು ತೆರವು ಮಾಡಿತು.

ಆಸ್ಟ್ರೇಲಿಯಾದಲ್ಲಿ ಇನ್ನೂ ಮಜಾ. ಅಲ್ಲಿ ಕಳ್ಳಿ ಸುಮಾರು 6 ಕೋಟಿ ಎಕರೆ ನುಂಗಿತ್ತು. ಅರ್ಜೆಂಟೀನಾದ ಒಂದು ಪತಂಗದ ಮರಿಹುಳುಗಳು ಬಂದು ಅದನ್ನು ಮುಗಿಸಿದವು. ಋಣ ತೀರಿಸಲು ರೈತರು ಏನು ಮಾಡಿದರು? ಬೂನಾರ್ಗಾ ಎಂಬ ಊರಲ್ಲಿ ಆ ಹುಳುವಿನ ಹೆಸರಲ್ಲೇ ಒಂದು ಸ್ಮಾರಕ ಭವನ ಕಟ್ಟಿಸಿದರು!

ಗಿಡಗಳು ಹಗಲು ಉಸಿರೆಳೆದು ಅಡುಗೆ ಮಾಡುತ್ತವೆ ಎಂದು ಶಾಲೆಯಲ್ಲಿ ಓದಿದ್ದೀರಿ. ಕಳ್ಳಿಯದು ರಾತ್ರಿಪಾಳಿ! ಬಿಸಿಲಲ್ಲಿ ಬಾಯಿ ತೆರೆದರೆ ಮೈಯ ನೀರೆಲ್ಲ ಆವಿ. ಅದಕ್ಕೆ ಕತ್ತಲಾದ ಮೇಲೆ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಹುಳಿ ಮಾಡಿ ಬಚ್ಚಿಟ್ಟುಕೊಳ್ಳುತ್ತದೆ. ಹಗಲಲ್ಲಿ ಬಾಗಿಲು ಹಾಕಿಕೊಂಡು ಆ ಹುಳಿಯಿಂದಲೇ ಅಡುಗೆ. ರಾತ್ರಿ ಬಂದು ಬಾಚಿಕೊಂಡು ಹೋಗುವವಳನ್ನು ಕನ್ನಡದಲ್ಲಿ ಏನನ್ನುತ್ತಾರೆ? ಕಳ್ಳಿ!

ಇದರ ಸುಳಿವು ಹಿಡಿದವರಲ್ಲಿ ಒಬ್ಬನಿಗೆ ನಮ್ಮ ಲಾಲ್‌ಬಾಗ್ ನಂಟಿದೆ ಎಂದರೆ ನಂಬುತ್ತೀರಾ? ಶ್ರೀರಂಗಪಟ್ಟಣ ಬಿದ್ದ ಮೇಲೆ ಲಾಲ್‌ಬಾಗ್ ನೋಡಿಕೊಂಡ ಸಸ್ಯಶಾಸ್ತ್ರಿ ಬೆಂಜಮಿನ್ ಹೈನೆ. ಭಾರತದಲ್ಲಿದ್ದಾಗ ಆತ ಇಂಥದೇ ರಾತ್ರಿಪಾಳಿಯ ಕಾಡುಬಸಳೆಯ ಎಲೆಯನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡ. ಬೆಳಗ್ಗೆ ತಿಂದರೆ ಹುಳಿ ಹುಳಿ. ಮಧ್ಯಾಹ್ನ ತಿಂದರೆ ರುಚಿಯೇ ಇಲ್ಲ. ಸಂಜೆಗೆ ತುಸು ಕಹಿ! ಇದನ್ನು ಪತ್ರ ಬರೆದು ತಿಳಿಸಿದ. ಲಂಡನ್ನಿನ ಲಿನೇಯನ್ ಸೊಸೈಟಿ 1815ರಲ್ಲಿ ಅಚ್ಚು ಹಾಕಿತು. ಒಂದು ನಾಲಿಗೆ, ಒಂದು ಎಲೆ, ಮೂರು ಹೊತ್ತು. ಪ್ರಯೋಗಾಲಯವೇ ಬೇಕಾಗಲಿಲ್ಲ!

ಬಾಗಿಲಿಗೆ ದೃಷ್ಟಿಗೆಂದು ಲೋಳೆಸರವನ್ನು ತಲೆಕೆಳಗಾಗಿ ಕಟ್ಟುತ್ತೇವಲ್ಲ, ಅದು ಮಣ್ಣು ನೀರು ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಅಷ್ಟೇ ಅಲ್ಲ, ಎಲೆಗಳ ತುದಿ ನಿಧಾನಕ್ಕೆ ಬಾಗಿ ಮೇಲಕ್ಕೇ ಮುಖ ಮಾಡುತ್ತದೆ. ತಲೆಕೆಳಗಾದರೂ ಆಕಾಶ ಯಾವ ಕಡೆ ಎಂದು ಗೊತ್ತು!

ಕಳ್ಳಿಯಂತೆ ಕಾಣುವ ಮಂಗರವಳ್ಳಿ ಯಾರ ಕುಲ? ದ್ರಾಕ್ಷಿಯದು! ಚಟ್ನಿ ಅರೆಯುವಾಗ ನೆನಪಿರಲಿ.

ಕತ್ತಾಳೆ ಹೂ ಬಿಡುವುದು ಬದುಕಿನಲ್ಲಿ ಒಂದೇ ಸಲ. ಹತ್ತಿಪ್ಪತ್ತು ವರ್ಷ ಕೂಡಿಟ್ಟದ್ದೆಲ್ಲ ಖರ್ಚು ಮಾಡಿ, ಮನೆಗಿಂತ ಎತ್ತರಕ್ಕೆ ಒಂದು ಕಂಬ ಎತ್ತಿ ಹೂ ತೋರಿಸಿ ಸಾಯುತ್ತದೆ. ಬುಡದಲ್ಲಿ ಮರಿಗಳನ್ನಂತೂ ಬಿಟ್ಟಿರುತ್ತದೆ.

ಬ್ಲಾಸ್‌ಫೆಲ್ಡಿಯಾ ಎಂಬ ಕ್ಯಾಕ್ಟಸ್ ನಿಮ್ಮ ಉಗುರಿನ ಮೇಲೆ ಕೂರುತ್ತದೆ. ಅಡ್ಡಳತೆ ಒಂದು ಸೆಂಟಿಮೀಟರಿನ ಆಸುಪಾಸು! ಅಮೆರಿಕದ ಅರಿಜೋನಾದ ಸಗುವಾರೊ 12 ಮೀಟರ್ ದಾಟುತ್ತದೆ. ಆದರೆ ಅದಕ್ಕೆ ಆತುರವೇ ಇಲ್ಲ. ಹತ್ತು ವರ್ಷವಾದರೂ ಹೆಬ್ಬೆರಳಿನಷ್ಟು. ಮೊದಲ ತೋಳು ಮೂಡಲು ಐವತ್ತು ವರ್ಷ ದಾಟಬೇಕು. 1982ರಲ್ಲಿ ಒಬ್ಬ ಮೋಜಿಗೆ ಸಗುವಾರೊಗೆ ಗುಂಡು ಹೊಡೆದ. ಅದರ ತೋಳು ಮುರಿದು ಅವನ ಮೇಲೇ ಬಿತ್ತು. ಬಿದ್ದದ್ದೇ ಸತ್ತ!

1811ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬರ್ಚೆಲ್ ಎಂಬ ಅಲೆಮಾರಿ ವಿಜ್ಞಾನಿ ನೆಲದಿಂದ ಒಂದು ವಿಚಿತ್ರ ಕಲ್ಲು ಎತ್ತಿಕೊಂಡ. ಕಲ್ಲಲ್ಲ, ಗಿಡ! ಅದೇ ಲಿಥಾಪ್ಸ್. ವರ್ಷಕ್ಕೊಮ್ಮೆ ಹಳೇ ಎಲೆಜೋಡಿಯ ನೀರನ್ನು ಹೀರಿಕೊಂಡೇ ಹೊಸ ಜೋಡಿ ಹುಟ್ಟುತ್ತದೆ. ಪಾಪ ಒಣಗುತ್ತಿದೆ ಎಂದು ಆಗ ನೀರು ಹಾಕಿದಿರೋ, ಕೊಳೆತೇ ಹೋಯಿತು. ನಾನೂ ಹೀಗೆ ಪ್ರೀತಿಯಿಂದಲೇ ಒಂದನ್ನು ಕೊಂದಿದ್ದೇನೆ.

ಹಾವರ್ತಿಯಾ ಎಂಬ ಗಿಡದ ಎಲೆಯ ನೆತ್ತಿಯಲ್ಲಿ ಗಾಜಿನಂಥ ಕಿಟಕಿಗಳಿವೆ. ತವರಿನಲ್ಲಿ ಅದು ಮಣ್ಣೊಳಗೆ ಹೂತುಕೊಂಡು ಕಿಟಕಿಯಷ್ಟೇ ಹೊರಗಿಡುತ್ತದೆ. ನಮ್ಮ ಹಳೇ ಮನೆಗಳ ಬೆಳಕಿಂಡಿ ಇದ್ದ ಹಾಗೆ!

ಅಂಗಡಿಯಲ್ಲಿ ಕೆಂಪು, ಹಳದಿ ತಲೆಯ ಪುಟ್ಟ ಕ್ಯಾಕ್ಟಸ್ ನೋಡಿದ್ದೀರಾ? ಅದು ಒಂದಲ್ಲ, ಎರಡು ಗಿಡ! ಬಣ್ಣದ ತಲೆಯಲ್ಲಿ ಹಸಿರೇ ಇಲ್ಲ, ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ. ತಲೆ ಒಬ್ಬರದು, ಊಟ ಇನ್ನೊಬ್ಬರದು.

ಇನ್ನು ಕೆಲವು ಕ್ಯಾಕ್ಟಸ್‌ಗಳ ನೆತ್ತಿಯಲ್ಲಿ ತಿಂಗಳಾದರೂ ಬಾಡದ ಹೂ ಇರುತ್ತದೆ. ಮೆಲ್ಲಗೆ ಮುಟ್ಟಿ ನೋಡಿ. ಒಣಹೂವನ್ನು ಗೋಂದು ಹಾಕಿ ಅಂಟಿಸಿರುತ್ತಾರೆ!

ಚಿನ್ನದ ಬಣ್ಣದ ಮುಳ್ಳಿನ ದುಂಡು ಕ್ಯಾಕ್ಟಸ್‌ಗೆ ಪರದೇಶದವರು ಇಟ್ಟ ಅಡ್ಡಹೆಸರು ‘ಅತ್ತೆಯ ಪೀಠ’. ಸ್ನೇಕ್ ಪ್ಲಾಂಟ್‌ಗೆ ‘ಅತ್ತೆಯ ನಾಲಿಗೆ’. ಅತ್ತೆಯಂದಿರು ಅಲ್ಲೂ ಪಾರಾಗಿಲ್ಲ! ಆ ದುಂಡು ಕ್ಯಾಕ್ಟಸ್‌ಗೆ ಶಾಸ್ತ್ರೀಯ ಹೆಸರು ಬಂದದ್ದು ಜರ್ಮನಿಯ ಹರ್ಮನ್ ಗ್ರೂಸನ್‌ನಿಂದ. ಅವನ ಕಸುಬು ಫಿರಂಗಿ, ಉಕ್ಕಿನ ಕವಚ. ಹವ್ಯಾಸ ಕ್ಯಾಕ್ಟಸ್! ಅವನ ಗಿಡಗಳೆಲ್ಲ ಮಾಗ್ಡೆಬುರ್ಗ್ ನಗರಕ್ಕೆ ಸಂದವು. 1896ರಲ್ಲಿ ಅವುಗಳಿಗಾಗಿ ತೆರೆದ ಗಾಜಿನ ಮನೆಗಳನ್ನು ಇಂದಿಗೂ ಹೋಗಿ ನೋಡಬಹುದು. ಆ ದುಂಡು ಕ್ಯಾಕ್ಟಸ್‌ನ ಮೆಕ್ಸಿಕೋ ತವರಿನ ಒಂದು ಭಾಗ ಅಣೆಕಟ್ಟಿನಲ್ಲಿ ಮುಳುಗಿ ಕಾಡಿನಲ್ಲಿ ಅದು ಅಪರೂಪವಾಗಿದೆ. ಕುಂಡಗಳಲ್ಲೋ, ಲೆಕ್ಕವಿಲ್ಲದಷ್ಟು!

‘ಕತ್ತೆಬಾಲ’ ಎಂಬ ಸೀಡಮ್ 1935ರಲ್ಲಿ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಕಾಡಲ್ಲಲ್ಲ, ಮೆಕ್ಸಿಕೋದ ಒಂದು ನರ್ಸರಿಯಲ್ಲಿ! ಕಾಡಿನಲ್ಲಿ ಅದು ಎಲ್ಲಿದೆ ಎಂದು ದಶಕಗಳ ಕಾಲ ಯಾರಿಗೂ ಪತ್ತೆಯಾಗಲಿಲ್ಲ. ಅಷ್ಟರಲ್ಲಿ ಉದುರಿದ ಒಂದೊಂದೇ ಎಲೆಯಿಂದ ಮೊಳೆತು ಲೋಕವೆಲ್ಲ ಸುತ್ತಿತ್ತು.

ಕಳ್ಳಿ ಹಂಚುವವರಿಗೆ ಒಂದು ಗುಟ್ಟು. ಮುರಿದ ತುಂಡನ್ನು ಕೂಡಲೇ ನೆಡಬೇಡಿ! ಬೇರೆ ಗಿಡದ ಕಡ್ಡಿಗೆ ನೀರು ಬೇಕು, ಇದಕ್ಕೆ ಬೇಕಾದದ್ದು ಉಪವಾಸ. ನೆರಳಲ್ಲಿ ನಾಲ್ಕಾರು ದಿನ ಸುಮ್ಮನೆ ಬಿಸಾಡಿ. ಗಾಯ ಒಣಗಿ ಮುಚ್ಚಿದ ಮೇಲೆ ನೆಟ್ಟರೆ ಬೇರು ಬಿಡುತ್ತದೆ. ಅದಕ್ಕೇ ಇವು ಮಣ್ಣಿಲ್ಲದೆ, ಹಳೇ ಪೇಪರಲ್ಲಿ ಸುತ್ತಿಸಿಕೊಂಡು, ಕೊರಿಯರ್‌ನಲ್ಲಿ ಊರೂರು ತಿರುಗಿಯೂ ಜೀವಂತ ಇಳಿಯುತ್ತವೆ!

ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ಕತ್ತರಿಸಿ ಗೆಳತಿಗೆ ಕೊಟ್ಟಿರಾ? ಹುಟ್ಟುವ ಮರಿಗೆ ಹಳದಿ ಅಂಚೇ ಇರುವುದಿಲ್ಲ! ಅಂಚು ಬೇಕಾದರೆ ಗಡ್ಡೆ ಸಮೇತ ಸೀಳಿ ಕೊಡಬೇಕು. ಮೋಸ ಮಾಡಿದಿರಿ ಎಂದು ಅವರು ಮಾತು ಬಿಡುವ ಮೊದಲೇ ಹೇಳಿಬಿಡಿ.

ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಆದರೆ ಕಳ್ಳಿ ಕದಿಯುವುದು ಈಗ ಜಾಗತಿಕ ದಂಧೆ! 2020ರಲ್ಲಿ ಇಟಲಿಯ ಪೊಲೀಸರು ಒಂದು ಮನೆಗೆ ನುಗ್ಗಿದಾಗ ಸಿಕ್ಕಿದ್ದು ಸುಮಾರು ಸಾವಿರ ಕ್ಯಾಕ್ಟಸ್, ಚಿಲಿಯ ಅಟಕಾಮಾ ಮರುಭೂಮಿಯಿಂದ ಕಿತ್ತು ತಂದವು. ಮರುವರ್ಷ 800ಕ್ಕೂ ಹೆಚ್ಚು ಗಿಡಗಳು ವಿಮಾನ ಹತ್ತಿ ತವರಿಗೆ ವಾಪಸಾದವು!

ಗಿಡ ಹಂಚುವ ಹುಚ್ಚು ಮಹಾಕವಿಗಳನ್ನೂ ಬಿಟ್ಟಿಲ್ಲ. ಶಾಕುಂತಲ ಓದಿ ಮಾರುಹೋದ ಜರ್ಮನಿಯ ಗಯಟೆ ಇದ್ದನಲ್ಲ, ಅವನಿಗೆ ನಮ್ಮ ಅದೇ ಕಾಡುಬಸಳೆ ಎಂದರೆ ಪ್ರಾಣ. ಎಲೆಯ ಅಂಚಿನ ಒಂದೊಂದು ಕಚ್ಚಿನಲ್ಲೂ ಒಂದೊಂದು ಮರಿ ಹುಟ್ಟುವುದನ್ನು ಕಂಡು ಬೆರಗಾದ. ಬೆಳೆಸಿದ, ಗೆಳೆಯರಿಗೆಲ್ಲ ಕೊಟ್ಟ. 1826ರಲ್ಲಿ ಮರಿಯಾನೆ ಎಂಬ ಪ್ರಿಯ ಗೆಳತಿಗೆ ಕಳಿಸುವಾಗ, ಎಲೆಯನ್ನು ಹೇಗೆ ಮಣ್ಣಿನ ಮೇಲೆ ಮಲಗಿಸಬೇಕು ಎಂಬುದನ್ನೂ ಪದ್ಯದಲ್ಲೇ ಬರೆದ! ಜರ್ಮನರು ಇವತ್ತಿಗೂ ಅದನ್ನು ‘ಗಯಟೆ ಗಿಡ’ ಅನ್ನುತ್ತಾರೆ.

ನಾವು ಪದ್ಯ ಬರೆಯಲಿಲ್ಲ. ನೋಟ್‌ಬುಕ್ಕಿನ ಹಾಳೆಗಳ ನಡುವೆ ಅದರ ಎಲೆ ಇಟ್ಟು, ನವಿಲುಗರಿಯ ಹಾಗೆ ದಿನಾ ತೆರೆದು ನೋಡಿದೆವು. ಮಣ್ಣಿಲ್ಲ, ನೀರಿಲ್ಲ. ಲೆಕ್ಕದ ಪುಸ್ತಕದೊಳಗೇ ಬೇರು ಬಿಟ್ಟಿತು! ನಿಮ್ಮದು ಎಷ್ಟು ಮರಿ ಹಾಕಿತ್ತು?