‘ಅದು’ ಎಂದರೆ ಯಾವುದು?



ಪಾಠವೊಂದರ ಚಿತ್ರೀಕರಣದಲ್ಲಿ ಒಮ್ಮೆ ಶಿಕ್ಷಕರು ಮೇಜಿನತ್ತ ಕೈ ತೋರಿಸಿ, “ನೋಡಿ, ಇದು ಅದಕ್ಕಿಂತ ಭಾರ” ಎಂದರು. ಮೇಜು ಕ್ಯಾಮೆರಾದ ಚೌಕಟ್ಟಿನ ಹೊರಗಿತ್ತು. ಸ್ಟುಡಿಯೋದಲ್ಲಿದ್ದ ನಮಗೆಲ್ಲ ಅರ್ಥವಾದ ಮಾತು ಮನೆಯಲ್ಲಿ ನೋಡುವವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಆ ಭಾಗವನ್ನು ಮತ್ತೆ ಚಿತ್ರೀಕರಿಸಬೇಕಾಯಿತು.

ಸರ್ವನಾಮದ ಸ್ವಭಾವವೇ ಇದು. ‘ನಾಮಪದದ ಬದಲಿಗೆ ಬಳಸುವ ಪದ’ ಎಂಬ ವ್ಯಾಖ್ಯೆ ನಿಮಗೆ ಬಾಯಿಪಾಠ ಬರುತ್ತದೆ. ಬೀಜಗಣಿತದ ಎಕ್ಸ್‌ನಂತೆ ಅದೊಂದು ಖಾಲಿ ಜಾಗ. ಬೆಲೆಯನ್ನು ತುಂಬುವವರು ನೀವು. ಹರಪನಹಳ್ಳಿಯ ಅಜ್ಜನೊಬ್ಬ ‘ನಮ್ಮ ಜಿಲ್ಲೆ’ ಎನ್ನುತ್ತಾನೆ ಎಂದುಕೊಳ್ಳಿ. 1997ಕ್ಕೆ ಮೊದಲು ಆ ಮಾತಿನ ಅರ್ಥ ಬಳ್ಳಾರಿ, 1997ರಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅಜ್ಜ ಮನೆ ಬದಲಿಸಲಿಲ್ಲ, ಮಾತನ್ನೂ ಬದಲಿಸಲಿಲ್ಲ. ಯಾರು, ಯಾವಾಗ ಹೇಳಿದರು ಎಂಬುದು ತಿಳಿಯದೆ ‘ನಮ್ಮ’ ಎಂಬುದಕ್ಕೆ ಅರ್ಥವಿಲ್ಲ.

ಕನ್ನಡದ ಆತ್ಮಾರ್ಥಕ ಸರ್ವನಾಮ ಈ ವಿಷಯದಲ್ಲಿ ಬಹಳ ಉಪಕಾರಿ. ‘ಬಸವ ಕೊಟ್ರೇಶನಿಗೆ ತನ್ನ ಎತ್ತು ತೋರಿಸಿದ’ ಎಂದರೆ ಎತ್ತು ಬಸವನದು. ‘ಅವನ ಎತ್ತು’ ಎಂದರೆ ಕೊಟ್ರೇಶನದೋ, ಮೂರನೆಯವನದೋ ಇರಬಹುದು. ಇಂಗ್ಲಿಷಿನ ‘ಹಿಸ್’ಗೆ ಈ ವ್ಯತ್ಯಾಸ ತೋರಿಸುವ ಶಕ್ತಿಯಿಲ್ಲ. ಆದರೆ ‘ನಾವು ಜಾತ್ರೆಗೆ ಹೋಗುತ್ತೇವೆ’ ಎಂದಾಗ ಕೇಳುವವನೂ ಆ ‘ನಾವು’ನಲ್ಲಿ ಸೇರಿದನೇ? ಕನ್ನಡ ಹೇಳುವುದಿಲ್ಲ. ತೆಲುಗು ಹೇಳುತ್ತದೆ: ಸೇರಿದ್ದರೆ ‘ಮನಂ’, ಇಲ್ಲದಿದ್ದರೆ ‘ಮೇಮು’. ನಿಮ್ಮ ತರಗತಿಯಲ್ಲಿ ತೆಲುಗು ಮನೆಮಾತಿನ ಗೆಳೆಯರಿದ್ದರೆ ಕೇಳಿ ನೋಡಿ.

ಇನ್ನೊಂದು ಮಾತು. ಕೂಡ್ಲಿಗಿ, ಕೊಟ್ಟೂರು ಕಡೆಯ ಹುಡುಗಿ ತರಗತಿಯಲ್ಲಿ ‘ಆಕಿ ಬಂದ್ಲು’ ಎಂದರೆ ಕೆಲವರು ನಗುತ್ತಾರೆ. ಆಮೇಲೆ ಆ ಹುಡುಗಿ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ‘ಆಕಿ’ ಎಂಬುದು ‘ಆಕೆ’ಯ ಆಡುರೂಪ. ‘ಅವಳು’ ಎಂಬ ಸಲುಗೆಗೂ ‘ಅವರು’ ಎಂಬ ಗೌರವಕ್ಕೂ ನಡುವೆ ನಿಲ್ಲುವ ‘ಆತ, ಆಕೆ’ ನಮ್ಮ ಬರಹದಲ್ಲೂ ಇವೆ. ಪರೀಕ್ಷೆಯಲ್ಲಿ ‘ಆಕೆ’ ಎಂದು ಬರೆಯಿರಿ, ಮಾತಿನಲ್ಲಿ ‘ಆಕಿ’ ಇರಲಿ. ನಗುವವರಿಗೆ ವ್ಯಾಕರಣ ಗೊತ್ತಿಲ್ಲ ಎಂದು ತಿಳಿಯಿರಿ.

ಈಗ ಅಲಂಕಾರಕ್ಕೆ ಬರೋಣ. ಇಲ್ಲಿಯೂ ಒಂದು ಹೆಸರು ಮರೆಗೆ ಸರಿಯುತ್ತದೆ, ಆದರೆ ಮೆಲ್ಲಗೆ. ‘ಮೋಡವು ಕರಿಯ ಕಂಬಳಿಯಂತೆ ಹರಡಿತು’ ಎಂಬುದು ಉಪಮೆ. ಮೋಡ ಉಪಮೇಯ, ಕಂಬಳಿ ಉಪಮಾನ, ‘ಅಂತೆ’ ವಾಚಕ ಪದ, ಕಪ್ಪಾಗಿ ಹರಡುವುದು ಸಮಾನ ಧರ್ಮ. ‘ಅಂತೆ’ಯನ್ನು ತೆಗೆದು ‘ಮೋಡವೇ ಕಂಬಳಿ’ ಎಂದರೆ ರೂಪಕ. ಮೋಡವನ್ನೂ ತೆಗೆದು ‘ಕರಿಯ ಕಂಬಳಿ ಹೊಲದ ಮೇಲೆ ಹಾಸೀತು’ ಎಂದಿರೋ, ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿತು. ಇದನ್ನು ರೂಪಕಾತಿಶಯೋಕ್ತಿ ಎನ್ನುತ್ತಾರೆ. ಹೆಸರು ಉದ್ದ, ವಿಷಯ ಸರಳ.

ಈ ಮೂರನೆಯ ಬಗೆಯ ಮಾತನ್ನು ಕೇಳಲು ಲಕ್ಷಾಂತರ ಜನ ಸೇರುವ ಸ್ಥಳ ಹೂವಿನಹಡಗಲಿ ತಾಲ್ಲೂಕಿನಲ್ಲಿಯೇ ಇದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾರೆ. ಅಷ್ಟು ದೊಡ್ಡ ಜನಸ್ತೋಮ ಒಮ್ಮೆಗೇ ಮೌನವಾಗುತ್ತದೆ. ಒಂದೇ ಒಂದು ಸಾಲಿನ ಕಾರ್ಣಿಕ ನುಡಿದು ಅವರು ಕೆಳಕ್ಕೆ ಬೀಳುತ್ತಾರೆ; ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುವುದೇ ವ್ಯಾಖ್ಯಾನ. ಕಂಬಳಿಯ ವಾಕ್ಯ ನಾನು ಕಟ್ಟಿದ್ದು, ಕಾರ್ಣಿಕದ್ದಲ್ಲ. ಆದರೆ ಅಂಥ ಮಾತನ್ನು ಅಲ್ಲಿ ನುಡಿದರೆಂದು ಊಹಿಸಿ. ಒಣಬೇಸಾಯದ ರೈತ ಮಳೆ ಎನ್ನುತ್ತಾನೆ, ಉಣ್ಣೆಯ ವ್ಯಾಪಾರಿ ಕಂಬಳಿಗೆ ಬೆಲೆ ಎನ್ನುತ್ತಾನೆ, ರಾಜಕೀಯದವರು ಎದುರು ಪಕ್ಷಕ್ಕೆ ಕತ್ತಲೆ ಎನ್ನುತ್ತಾರೆ. ನುಂಗಿಹೋದ ಉಪಮೇಯದ ಜಾಗದಲ್ಲಿ ಪ್ರತಿಯೊಬ್ಬರೂ ತಮ್ಮ ಆಸೆಯನ್ನು ಇಡುತ್ತಾರೆ. ನುಡಿ ನಿಜವಾಗುತ್ತದೆಯೇ ಎಂಬುದು ನಂಬಿಕೆಯ ವಿಷಯ, ಅದಕ್ಕೆ ನಾನು ಹೋಗುವುದಿಲ್ಲ. ಆದರೆ ಬಿತ್ತನೆಯ ಬೀಜ ಕೊಳ್ಳುವವನು ಕಂಬಳಿಯನ್ನು ಹೇಗೆ ಓದಿಕೊಂಡ ಎಂಬುದು ಅವನ ಮನೆಯ ಲೆಕ್ಕಕ್ಕೆ ಸಂಬಂಧಿಸಿದ್ದು.

ವಿಜ್ಞಾನದ ವಿದ್ಯಾರ್ಥಿಗಳು ಇದು ನಮಗಲ್ಲ ಎನ್ನಬೇಡಿ. ‘ವಿದ್ಯುತ್ ಹರಿಯುತ್ತದೆ’ ಎಂಬುದರಲ್ಲಿ ನೀರಿದೆ. ಆ ನೀರನ್ನು ಮರೆತವನು, ತಂತಿ ಕತ್ತರಿಸಿದರೆ ವಿದ್ಯುತ್ ಸೋರೀತು ಎಂದುಕೊಳ್ಳುತ್ತಾನೆ!

ವ್ಯಾಖ್ಯೆ ಬರೆದು ಎರಡು ಅಂಕ ಪಡೆದವರು ಅಪರಿಚಿತ ಗದ್ಯಭಾಗದಲ್ಲಿ ‘ಅವರು’ ಎಂಬುದು ಯಾರನ್ನು ಸೂಚಿಸುತ್ತದೆ ಎಂದು ಕೇಳಿದಾಗ ತಪ್ಪುವುದುಂಟು. ಅಭ್ಯಾಸಕ್ಕೆ ದಾರಿ ಸುಲಭ. ಪಠ್ಯದ ಒಂದು ಪುಟದಲ್ಲಿ ಪ್ರತಿ ಸರ್ವನಾಮದಿಂದ ಅದರ ಹೆಸರಿನವರೆಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಗೆರೆ ಎಲ್ಲಿ ನಿಲ್ಲಬೇಕೆಂದು ತಿಳಿಯದಿದ್ದರೆ ಅಲ್ಲಿ ತಪ್ಪು ನಿಮ್ಮದಿರಬಹುದು, ಬರೆದವರದೂ ಇರಬಹುದು. ಅಲಂಕಾರಕ್ಕೆ ಮನೆಯಲ್ಲಿ ಅಜ್ಜಿಯಿಂದ ನಾಲ್ಕು ಒಗಟು ಕೇಳಿ ಬರೆದುಕೊಳ್ಳಿ. ಒಗಟೂ ಉಪಮೇಯವನ್ನು ನುಂಗಿಯೇ ಮಾತಾಡುತ್ತದೆ. ಪ್ರತಿಯೊಂದನ್ನೂ ‘ಅಂತೆ’ ಸೇರಿಸಿ ಉಪಮೆಯಾಗಿ ಬಿಡಿಸಿ, ಅಜ್ಜಿಗೇ ಓದಿ ಹೇಳಿ. ಎಷ್ಟು ಸಪ್ಪೆಯಾಯಿತೆಂದು ಅವರೇ ಹೇಳುತ್ತಾರೆ.