ಧೈರ್ಯದ ನರಿಗೆ ಆಯುಷ್ಯ ಕಡಿಮೆ

ವಾಡಿಯಿಂದ ಚಿತ್ತಾಪುರ, ಮಳಖೇಡ ದಾಟಿ ಸೇಡಂ ಕಡೆಗೆ ರಾತ್ರಿ ಹೊರಟರೆ ಮುಂದೊಂದು ಸಿಮೆಂಟ್ ಲಾರಿ, ಹಿಂದೊಂದು ಸಿಮೆಂಟ್ ಲಾರಿ. ನಡುವೆ ನಮ್ಮ ಬಾಡಿಗೆ ಜೀಪು. ಎರಡೂ ಬದಿಗೆ ತೊಗರಿ ಆಳೆತ್ತರ ನಿಂತಿದ್ದ ಕಾಲ. ಒಂದು ತಿರುವಿನಲ್ಲಿ ರಸ್ತೆಯ ಅಂಚಿಗೇ ನರಿಯೊಂದು ಕೂತಿತ್ತು. ದೀಪದ ಬೆಳಕು ಕಣ್ಣಿಗೆ ಹೊಡೆದರೂ ಕದಲಲಿಲ್ಲ. "ಇದು ಹಿಂಗೇ ರೀ, ಹಾರ್ನ್ ಹೊಡದ್ರೂ ಸರಿಯಂಗಿಲ್ಲ," ಅಂದ ಡ್ರೈವರ್. "ಇದರ ಜೋಡಿ ಇನ್ನೊಂದು ಅದ. ಅದು ಲೈಟ್ ಕಂಡ್ರ ಸಾಕು, ತೊಗರ್ಯಾಗ ಮಾಯ."

ಒಂದೇ ಬದುವಿನ ಎರಡು ನರಿಗೆ ಎರಡು ಸ್ವಭಾವ ಎಂಬುದು ಅವನಿಗೆ ದೊಡ್ಡ ಸಂಗತಿ ಅನಿಸಿರಲಿಲ್ಲ. ಎತ್ತು ಕಟ್ಟಿ ಉಳುವವರ ಮನೆಯಲ್ಲಿ ಯಾರಿಗೆ ತಾನೆ ಅನಿಸೀತು? ಆದರೆ ಕಾಡಿಗೆ ಪ್ರಾಣಿಗಳನ್ನು ಮರಳಿ ಬಿಡುವ ವಿಜ್ಞಾನಿಗಳು ಇದೇ ಮಾತನ್ನು ಅಳೆದು ನೋಡಿ ಬರೆದಿಟ್ಟದ್ದು ತೀರಾ ಈಚೆಗೆ, 2004ರಲ್ಲಿ. ಅದನ್ನು ಕಲಿಸಿದ್ದೂ ನರಿಯೇ.

ಉತ್ತರ ಅಮೆರಿಕದ ಹುಲ್ಲುಗಾವಲಿನ ಸ್ವಿಫ್ಟ್ ಫಾಕ್ಸ್ ನಮ್ಮ ಹೊಲದ ನರಿಯ ದಾಯಾದಿ. ಅಷ್ಟೇ ಪುಟ್ಟ ಮೈ, ಅಂಥದೇ ಬಯಲುವಾಸ. ವಿಷ, ಬಲೆ, ನೇಗಿಲು ಎಲ್ಲ ಸೇರಿ 1930ರ ದಶಕದ ಹೊತ್ತಿಗೆ ಕೆನಡಾದಲ್ಲಿ ಅದರ ಸಂತತಿ ಅಳಿಸಿಹೋಗಿತ್ತು. 1983ರಿಂದ ಅಲ್ಲಿ ಮತ್ತೆ ಬಿಡತೊಡಗಿದರು. ಮುಂದೆ ಅಮೆರಿಕದ ಮೊಂಟಾನಾದಲ್ಲೂ, ಬೋನಿನಲ್ಲಿ ಹುಟ್ಟಿ ಬೆಳೆದ ನರಿಗಳನ್ನು ಬಿಟ್ಟರು. ಸಮಂತಾ ಬ್ರೆಮ್ನರ್-ಹ್ಯಾರಿಸನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಬಿಡುವ ಮೊದಲೇ ಒಂದು ಪರೀಕ್ಷೆ ಮಾಡಿದ್ದರು. ಬೋನಿನೊಳಗೆ ನರಿ ಎಂದೂ ಕಾಣದ ವಸ್ತು ಇಡುವುದು, ಬಿಲದಿಂದ ಯಾವುದು ಬೇಗ ಹೊರಬರುತ್ತದೆ, ಎಷ್ಟು ಹತ್ತಿರ ಹೋಗುತ್ತದೆ ಎಂದು ಬರೆದುಕೊಳ್ಳುವುದು. ಆಮೇಲೆ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಯಲಿಗೆ ಬಿಟ್ಟರು. ಆರು ತಿಂಗಳೊಳಗೆ ಸತ್ತವು ಯಾವುವು ಎಂದು ಹಳೆಯ ಟಿಪ್ಪಣಿ ತೆಗೆದು ನೋಡಿದರೆ, ಬೋನಿನಲ್ಲಿ ಎಲ್ಲಕ್ಕಿಂತ ಮೊದಲು ಹೊರಗೆ ಬಂದವೇ ಅವು. ಹೆದರಿ ಬಿಲದಲ್ಲಿ ಕೂತವು ಇನ್ನೂ ಬದುಕಿದ್ದವು.

ಬೋನಿನಲ್ಲಿ ಧೈರ್ಯಕ್ಕೆ ಲಾಭವೇ ಹೆಚ್ಚು. ಊಟ ಮೊದಲು, ಅಪಾಯ ಸೊನ್ನೆ. ಬಯಲಿನಲ್ಲಿ ಕಾಣದ ವಸ್ತುವೆಂದರೆ ಒಂದು ದಿನ ತೋಳ, ಇನ್ನೊಂದು ದಿನ ಲಾರಿ.

ಈ ತಿಳಿವಳಿಕೆ ಹೊಸದು ಅನ್ನಲಿಕ್ಕೆ ನನಗೆ ಮನಸ್ಸಿಲ್ಲ. ಚಿಂಚೋಳಿಯಿಂದ ವಾಯವ್ಯಕ್ಕೆ ಕಲ್ಯಾಣವಿದೆ, ಇಂದಿನ ಬಸವಕಲ್ಯಾಣ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಬರೆಸಿದ. ಪಳಗಿಸಿದ ಚೀತಾವನ್ನು ಚಿಗರಿಯ ಮೇಲೆ ಬಿಟ್ಟು ಆಡುವ ಬೇಟೆಯ ವಿವರ ಅದರಲ್ಲಿದೆ. ಈ ಬೇಟೆಯ ಬಗ್ಗೆ ಸಿಗುವ ಹಳೆಯ ಬರಹಗಳಲ್ಲಿ ಅದೂ ಒಂದು. ಚೀತಾ ಸಾಕುವವರಿಗೆ ಒಂದು ಗುಟ್ಟು ಗೊತ್ತಿತ್ತು. ಮರಿ ಹಿಡಿದು ಸಾಕಿದರೆ ಉಪಯೋಗವಿಲ್ಲ. ತಾಯಿಯ ಹಿಂದೆ ಓಡಾಡಿ ಬೇಟೆ ಕಲಿತ ಬೆಳೆದ ಪ್ರಾಣಿಯನ್ನೇ ಹಿಡಿದು ಪಳಗಿಸಬೇಕು. ಮಾಂಸಾಹಾರಿಗಳನ್ನು ಮರಳಿ ಬಿಟ್ಟ 45 ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2008ರ ಸಮೀಕ್ಷೆಯೂ ಹೆಚ್ಚುಕಡಿಮೆ ಅಲ್ಲಿಗೇ ಬಂತು: ಬೋನಿನಲ್ಲಿ ಹುಟ್ಟಿದ್ದಕ್ಕಿಂತ ಕಾಡಿನಲ್ಲಿ ಹುಟ್ಟಿದ್ದು ಬದುಕುವ ಸಂಭವ ಹೆಚ್ಚು.

ಆನೆಯ ವಿಷಯದಲ್ಲಿ ನಮ್ಮವರು ಇನ್ನೂ ಮುಂದೆ ಹೋಗಿದ್ದರು. ಗಜಶಾಸ್ತ್ರ ಆನೆಗಳನ್ನು ಭದ್ರ, ಮಂದ, ಮೃಗ, ಮಿಶ್ರ ಎಂದು ವಿಂಗಡಿಸುತ್ತದೆ. ಮೈಕಟ್ಟಿನ ಲೆಕ್ಕ ಅದರಲ್ಲಿದೆ, ನಿಜ. ಜೊತೆಗೆ ಗುಣದ ಲೆಕ್ಕವೂ ಇದೆ. ಮೃಗ ಎಂದರೆ ಸದ್ದಾದರೆ ಬೆದರುವಂಥದು, ಮಂದ ಎಂದರೆ ಹೆಸರೇ ಹೇಳುತ್ತದೆ. ಶಾಸ್ತ್ರದ ಎಲ್ಲ ಲಕ್ಷಣಗಳನ್ನೂ ಇಂದು ಒಪ್ಪಬೇಕಿಲ್ಲ. ಆದರೆ ಆನೆ ಹಿಡಿಯುವವನು ಮೊದಲು ಅದರ ಗುಣ ನೋಡಬೇಕು ಎಂಬ ಮಾತು ಆಗ ಸಾಮಾನ್ಯ ಜ್ಞಾನವಾಗಿತ್ತು.

ನಾವು ಅದನ್ನು ಮರೆತು ತಲೆ ಎಣಿಸತೊಡಗಿದೆವು. ಇಲ್ಲಿ ಹೆಚ್ಚಾದರೆ ಹಿಡಿ, ಅಲ್ಲಿ ಬಿಡು. ಮಹಾರಾಷ್ಟ್ರದ ಜುನ್ನಾರ್‌ನಲ್ಲಿ 2001ರಿಂದ ಊರ ಸುತ್ತಲಿನ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟರು. ಅದರ ಪರಿಣಾಮ ಅಧ್ಯಯನ ಮಾಡಿದ ವಿದ್ಯಾ ಆತ್ರೇಯ ಅವರಿಗೆ ಸಿಕ್ಕಿದ್ದು ಉಲ್ಟಾ ಲೆಕ್ಕ. ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತ್ತು. ಆಮೇಲೆ 2009ರಲ್ಲಿ ಬಾವಿಗೆ ಬಿದ್ದ ಗಂಡು ಚಿರತೆಯೊಂದನ್ನು ಮೇಲೆತ್ತಿ, ಕೊರಳಿಗೆ ಪಟ್ಟಿ ಹಾಕಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ವಯಸ್ಸಾದ ಹಾಗೆ ಕಂಡದ್ದಕ್ಕೆ ಮರಾಠಿಯಲ್ಲಿ 'ಆಜೋಬಾ', ಅಜ್ಜ ಎಂದು ಹೆಸರಿಟ್ಟಿದ್ದರು. ಅಜ್ಜ ಅಲ್ಲಿ ಕೂರಲಿಲ್ಲ. ಹೆದ್ದಾರಿ, ರೈಲು ಹಳಿ ದಾಟಿ ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿ ಅಂಚಿನ ಕಾಡು ಸೇರಿದ. ದಾರಿಯುದ್ದಕ್ಕೂ ಒಬ್ಬ ಮನುಷ್ಯನನ್ನೂ ಮುಟ್ಟಲಿಲ್ಲ. 2011ರಲ್ಲಿ ವಾಹನ ಬಡಿದು ಸತ್ತ.

ಶ್ರೀಲಂಕಾದಲ್ಲಿ 12 ಗಂಡಾನೆಗಳನ್ನು ಹಿಡಿದು ರಾಷ್ಟ್ರೀಯ ಉದ್ಯಾನಗಳಿಗೆ ಸಾಗಿಸಿ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಬಂತು. ಕೆಲವು ನೇರ ಮನೆಗೆ ವಾಪಸ್. ಕೆಲವು ಅಲೆಮಾರಿ. ಕೆಲವಷ್ಟೇ ಬಿಟ್ಟ ಜಾಗದ ಆಸುಪಾಸಿನಲ್ಲಿ ನೆಲೆ ನಿಂತವು. ಅದೇ ವರ್ಷ ಬನ್ನೇರುಘಟ್ಟದ ಆನೆಗಳ ಮೇಲೆ ನಿಶಾಂತ್ ಶ್ರೀನಿವಾಸಯ್ಯ, ಅನಿಂದ್ಯ ಸಿನ್ಹಾ ಮತ್ತಿತರರು ಬರೆದ ಪ್ರಬಂಧದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಿದರೆ, ಹಿಂಡು ಮಾಮೂಲು, ಒಂದೊಂದು ಆನೆ ಮಾತ್ರ ಅಸಾಮಾನ್ಯ ಎಂದಾಗುತ್ತದೆ. ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರರನ್ನು ಕೇಳಿ ನೋಡಿ, ಒಂದೊಂದು ಆನೆಗೂ ಹೆಸರಿದೆ, ಚರಿತ್ರೆಯಿದೆ.

ಚೀತಾ ಮರಳಿ ಬಂದ ಕತೆ ಎಲ್ಲರಿಗೂ ಗೊತ್ತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8, ಮರುವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12, ಎಲ್ಲವೂ ಮಧ್ಯಪ್ರದೇಶದ ಕುನೋ ಕಾಡಿಗೆ. ನನಗೆ ಅದರಲ್ಲಿ ಮನಸ್ಸಿಗೆ ಹಿಡಿದದ್ದು ಎರಡೇ ಜೀವ. ಒಂದು, ಓಬಾನ್ ಎಂಬ ಗಂಡು. ಬಯಲಿಗೆ ಬಿಟ್ಟ ಮೇಲೆ ಕುನೋದ ಗಡಿ ದಾಟಿ ಮತ್ತೆ ಮತ್ತೆ ಹೊಲ, ಹಳ್ಳಿ ಸುತ್ತಿದ. ಅರಿವಳಿಕೆ ಕೊಟ್ಟು ಎತ್ತಿ ತಂದರು. ಪವನ್ ಎಂದು ಹೆಸರು ಬದಲಾಯಿತು, ಚಾಳಿ ಬದಲಾಗಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಬಿದ ಹಳ್ಳದ ಬಳಿ ಸತ್ತು ಸಿಕ್ಕಿದ. ಇನ್ನೊಂದು, 2023ರ ಬೇಸಿಗೆಯ ಧಗೆಗೆ ಒಡಹುಟ್ಟಿದ ಮೂರೂ ಸತ್ತು ಒಂಟಿಯಾಗಿ ಉಳಿದ ಹೆಣ್ಣು ಮರಿ, ಮುಖಿ. ತಾಯಿಯಿಲ್ಲದೆ ಸಿಬ್ಬಂದಿಯ ಕೈಯಲ್ಲಿ ಬೆಳೆಯಿತು. ಮೇಲೆ ಹೇಳಿದ ಎಲ್ಲ ಲೆಕ್ಕದ ಪ್ರಕಾರ ಅದು ಸೋಲಬೇಕಿತ್ತು. 2025ರ ನವೆಂಬರ್‌ನಲ್ಲಿ ಅದೇ ಮುಖಿ ಐದು ಮರಿ ಹಾಕಿತು.

ಹಾಗಾಗಿ ಹೆದರುಪುಕ್ಕಲನ್ನೇ ಆರಿಸಿ ಬಿಟ್ಟರೆ ಕೆಲಸ ಆಯಿತು ಅನ್ನುವಂತಿಲ್ಲ. ಟಾಸ್ಮೇನಿಯಾದಲ್ಲಿ ಅನಾಥ ಟಾಸ್ಮೇನಿಯನ್ ಡೆವಿಲ್ ಮರಿಗಳನ್ನು ಸಾಕಿ ಕಾಡಿಗೆ ಬಿಟ್ಟಾಗ, 2014ರ ವರದಿಯಂತೆ, ಹೊಸತಕ್ಕೆ ಹೆದರದವೇ ಹೆಚ್ಚು ಉಳಿದವು. ನರಿಯನ್ನು ಕೊಂದ ಗುಣವೇ ಡೆವಿಲ್ ಅನ್ನು ಕಾಪಾಡಿತು. ಬಿಡುವ ನೆಲದಲ್ಲಿ ಏನು ಕಾದಿದೆ ಎಂಬುದರ ಮೇಲೆ ಗುಣದ ಬೆಲೆ.

ನಮ್ಮ ನೆಲದಲ್ಲಿ ಏನು ಕಾದಿದೆ? ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ ಸೇರಿ 134.88 ಚದರ ಕಿಲೋಮೀಟರ್ ಜಾಗ 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ನರಿ, ಚಿಗರಿ, ಕೊಂಡುಕುರಿ ಇರುವ ಒಣ ಕಾಡು. ಒಳಗೆ ತಾಂಡಾಗಳು, ಆಚೆ ತೆಲಂಗಾಣದ ಗಡಿ. ದಕ್ಷಿಣಕ್ಕೆ ಬಂದರೆ ಸೇಡಂ, ಚಿತ್ತಾಪುರದ ತೊಗರಿ. ಇನ್ನೂ ಬಂದರೆ ಶಹಾಬಾದ್, ವಾಡಿಯ ಕಲ್ಲಿನ ಗಣಿ. ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ರಾತ್ರಿ ಪ್ರಾಣಿಗಳಿಗೆ ಅದೇ ಕೆರೆ. ಇಂಥ ಕಡೆ ಬಾಳುವ ತೋಳಕ್ಕೆ ಕುರಿಹಟ್ಟಿ ಮತ್ತು ಬ್ಲಾಸ್ಟಿಂಗ್ ಎರಡರ ಹೊತ್ತೂ ಗೊತ್ತಿರಬೇಕು.

ಕಲ್ಯಾಣ ಕರ್ನಾಟಕದ ಎರಿ ಹೊಲಗಳಲ್ಲಿ ಚಿಗರಿ ಹಿಂಡು ಬೆಳೆ ಮೇಯುವ ದೂರು ಹಳೆಯದು. ಹಿಡಿದು ಬೇರೆ ಕಡೆ ಬಿಡಿ ಎಂದು ರೈತರು ಕೇಳುತ್ತಾರೆ, ಆ ಸಿಟ್ಟು ಸುಳ್ಳಲ್ಲ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಶಾಜಾಪುರ ಕಡೆ ಹೆಲಿಕಾಪ್ಟರ್‌ನಿಂದ ಬೆದರಿಸಿ, ಬೋಮಾ ಎಂಬ ಆಲಿಕೆಯಾಕಾರದ ಆವರಣಕ್ಕೆ ನುಗ್ಗಿಸಿ, ಎಂಟು ನೂರಕ್ಕೂ ಹೆಚ್ಚು ಚಿಗರಿಗಳನ್ನು ಸಾಗಿಸಿದರು. ಬೋಮಾದಲ್ಲಿ ಹಿಂಡಿಗೆ ಹಿಂಡೇ ಬೀಳುತ್ತದೆ. ಪುಕ್ಕಲು, ಗಟ್ಟಿಗ ಎಲ್ಲ ಸೇರಿ. ಚಿರತೆಗೆ ಇಡುವ ಬೋನು ಹಾಗಲ್ಲ. ಒಳಗೊಂದು ಕುರಿ ಕಟ್ಟಿ ಬಾಗಿಲು ತೆರೆದಿಟ್ಟರೆ ಅನುಮಾನದ ಪ್ರಾಣಿ ದೂರದಿಂದ ನೋಡಿ ಹೋಗುತ್ತದೆ, ಹೆದರದ್ದು ಒಳಗೆ ಬರುತ್ತದೆ. ಬಲೆಗೆ ಸಿಕ್ಕಿದ್ದನ್ನಷ್ಟೇ ನೋಡಿ ಇಡೀ ಹಿಂಡಿನ ಗುಣ ಹೇಳಿದರೆ ತಪ್ಪಾಗುತ್ತದೆ ಎಂದು ಸಂಶೋಧಕರು ಈಗಾಗಲೇ ಎಚ್ಚರಿಸಿದ್ದಾರೆ. ಹಾಗಿದ್ದರೆ ನಾವು ಹಿಡಿದು ಹಿಡಿದು ದೂರದ ಕಾಡಿಗೆ ಒಯ್ಯುತ್ತಿರುವುದು ಯಾರನ್ನು?

ಚಿಂಚೋಳಿ ಕಡೆಯ ಕುರಿಗಾರರಿಗೆ ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದರೆ ಮೊದಲು ಹೊರಗೆ ಜಿಗಿಯುವ ಹೋತ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಗಂಟೆ ಕಟ್ಟಿರುವುದೂ ಅದರ ಕೊರಳಿಗೇ.