ನಿರಭ್ರಾಕಾಶದ ಪ್ರತಿಧ್ವನಿ

ತಿರುಪತಿಯಿಂದ ಚಿತ್ತೂರಿನ ಕಡೆಗೆ ಹೋಗುವ ಹಾದಿಯಲ್ಲಿ, ಗುಡ್ಡಗಳ ಮರೆಯುಳ್ಳ ಗಾದಂಕಿ ಎಂಬ ಹಳ್ಳಿಯ ಬಳಿ, ಭಾರತ ಸರ್ಕಾರದ ಬಾಹ್ಯಾಕಾಶ ಇಲಾಖೆಗೆ ಸೇರಿದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾಲಯವಿದೆ. 1992ರಲ್ಲಿ ಒಂದು ರೇಡಾರ್ ಕೇಂದ್ರವಾಗಿ ಆರಂಭವಾದ ಈ ಸಂಸ್ಥೆಗೆ ಈಗಿನ ಹೆಸರು ಬಂದುದು 2005ರಲ್ಲಿ. 130 ಮೀಟರು ಉದ್ದ, ಅಷ್ಟೇ ಅಗಲದ ಬಯಲಿನಲ್ಲಿ, ಹಿಂದೆ ನಮ್ಮ ಮನೆಗಳ ಮಾಡಿನ ಮೇಲೆ ದೂರದರ್ಶನಕ್ಕಾಗಿ ನಿಲ್ಲಿಸುತ್ತಿದ್ದಂಥವೇ ಆದ 1024 ಆಂಟೆನಾಗಳು ಸಾಲುಸಾಲಾಗಿ ನಿಂತಿವೆ.

ಮಳೆಯನ್ನು ಹುಡುಕುವ ರೇಡಾರು ಹನಿಗಳಿಗೆ ತಾಗಿ ಮರಳುವ ಅಲೆಗಳನ್ನು ಹಿಡಿಯುತ್ತದೆ. ಗಾದಂಕಿಯ ಈ ರೇಡಾರಾದರೋ ಮೋಡದ ತುಣುಕೂ ಇಲ್ಲದ ಶುಭ್ರಾಕಾಶದಿಂದ ಪ್ರತಿಧ್ವನಿಯನ್ನು ಪಡೆಯುತ್ತದೆ. ಗಾಳಿಯ ಉಷ್ಣತೆಯಲ್ಲಿಯೂ ತೇವದಲ್ಲಿಯೂ ಸದಾ ಇರುವ ಸೂಕ್ಷ್ಮ ಏರುಪೇರುಗಳು, 53 ಮೆಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಯ ಅರ್ಧ ಉದ್ದಕ್ಕೆ, ಎಂದರೆ ಸುಮಾರು ಮೂರು ಮೀಟರಿಗೆ ಹೊಂದಿಕೊಂಡಾಗ, ಅದರ ಅತ್ಯಲ್ಪಾಂಶವನ್ನು ಹಿಂದಕ್ಕೆ ಕಳುಹಿಸುತ್ತವೆ. ಆ ಕ್ಷೀಣ ಸಂಕೇತಕ್ಕಾಗಿ ಆರಂಭದ ವರ್ಷಗಳಲ್ಲಿ ಕೆಳಗಿನಿಂದ ಹೊರಡುತ್ತಿದ್ದ ಗರಿಷ್ಠ ಶಕ್ತಿ 2.5 ಮೆಗಾವಾಟು. ಆ ಏರುಪೇರುಗಳು ಗಾಳಿಯೊಡನೆ ಚಲಿಸುವುದರಿಂದ ಮರಳಿದ ಅಲೆಯ ಆವರ್ತನ ಕೊಂಚ ಬದಲಾಗಿರುತ್ತದೆ. ಆ ಬದಲಾವಣೆಯಿಂದಲೇ ಗಾಳಿಯ ವೇಗವನ್ನು ಗಣಿಸುತ್ತಾರೆ.

ಇಲ್ಲಿನ ಸಾಧನೆಗಳಲ್ಲಿ ನನಗೆ ಅತ್ಯಂತ ಮಹತ್ತರವಾಗಿ ತೋರುವುದು, ಗಾಳಿ ಮೇಲಕ್ಕೆ ಏರುವ ಮತ್ತು ಕೆಳಕ್ಕೆ ಇಳಿಯುವ ವೇಗವನ್ನು ನೇರವಾಗಿ ಅಳೆಯುವ ಸಾಮರ್ಥ್ಯ. ಏರಿದ ಗಾಳಿ ತಣಿದಲ್ಲದೆ ಮೋಡವಿಲ್ಲ. ಆದರೆ ಆ ಏರಿಕೆ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರುಗಳಷ್ಟಿದ್ದು, ಹಾರಿಬಿಟ್ಟ ಬೆಲೂನಿನ ಅಳತೆಗೆ ಸುಲಭವಾಗಿ ಸಿಕ್ಕದು. ಬೆಲೂನು ದಿನಕ್ಕೆ ಒಂದೆರಡು ಸಲ ಹೇಳುವ ಸಮಾಚಾರವನ್ನು ಈ ರೇಡಾರು ಕೆಲವು ನಿಮಿಷಗಳಿಗೊಮ್ಮೆ ಹೇಳಬಲ್ಲದು.

ಇದಕ್ಕೂ ಕಾಣದ ಪ್ರದೇಶವುಂಟು. ಸುಮಾರು 25ರಿಂದ 60 ಕಿಲೋಮೀಟರಿನವರೆಗಿನ ಎತ್ತರದಿಂದ ಪ್ರತಿಧ್ವನಿ ಬಾರದು. ಆ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು, ರಾತ್ರಿಯಲ್ಲಿ ಹಸಿರು ಲೇಸರ್ ಕಿರಣವನ್ನು ಗಗನಕ್ಕೆ ಹರಿಸಿ, ಚದುರಿ ಬಂದ ಬೆಳಕಿನಿಂದ ಆ ಎತ್ತರದ ಉಷ್ಣತೆಯನ್ನು ತಿಳಿಯುವ ಲೈಡಾರ್.

ಮುಂಗಾರಿನ ತಿಂಗಳುಗಳಲ್ಲಿ, ನೆಲದ ಸಮೀಪದ ಪಶ್ಚಿಮ ಮಾರುತಕ್ಕೆ ವಿರುದ್ಧವಾಗಿ, ಸುಮಾರು 15 ಕಿಲೋಮೀಟರು ಎತ್ತರದಲ್ಲಿ ಪೂರ್ವದಿಂದ ಮಹಾವೇಗದ ವಾಯುಪ್ರವಾಹವೊಂದು ದಕ್ಷಿಣ ಭಾರತದ ಮೇಲೆ ಹರಿಯುತ್ತದೆ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1958ರಲ್ಲಿ ವಿವರಿಸಿದ ಈ ಪ್ರವಾಹ ಗಾದಂಕಿಯ ರೇಡಾರಿಗೆ ಪ್ರತಿ ವರ್ಷದ ಅಧ್ಯಯನವಸ್ತು. ನಮ್ಮ ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದಿರುವಾಗ ಆ ಮೋಡಗಳಿಗೂ ಮೇಲೆ ಬೀಸುತ್ತಿರುವುದು ಅದೇ ಗಾಳಿ.